ಆ ಬಾಟಲಿ ನಮ್ಮಲ್ಲಿ ತಮಾಷೆಯಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯ ನಗೆಬರಹದಲ್ಲಿ, ಅಮೆರಿಕದಲ್ಲಿ ಜಿಂಕೆ ಮೂತ್ರವನ್ನೂ ಬಾಟಲಿಯಲ್ಲಿ ಮಾರ್ತಾರೆ ಅಂತ ಓದಿ ನಾನೂ ನಕ್ಕೆ. ವಾಸನೆಯಿಂದ ಜಿಂಕೆಯನ್ನು ಸೆಳೆಯಲು ಬೇಟೆಗಾರರು ಕೊಳ್ಳುವ ಬಾಟಲಿ ಅದು. ಆದರೆ ಒಂದು ಮಾತು ಹೇಳಲೇಬೇಕು. ನಾನು ತೀರ್ಥಹಳ್ಳಿಯವಳು. ಹದಿನಾಲ್ಕು ವರ್ಷದಿಂದ ವರ್ಜೀನಿಯಾದ ವಿಂಚೆಸ್ಟರ್ ಪಕ್ಕ ಇದ್ದೇನೆ. ಹಿತ್ತಲಾಚೆ ಸೇಬಿನ ತೋಟ, ಅದರಾಚೆ ಕಾಡು. ಪಕ್ಕದ ಮನೆಯ ಅಜ್ಜ ಹಳೇ ಬೇಟೆಗಾರರು.

ಇಲ್ಲಿನ ಬಿಳಿಬಾಲದ ಗಂಡು ಜಿಂಕೆ ಬೆದೆಗಾಲ ಹತ್ತಿರ ಬಂದಾಗ, ಬಾಗಿದ ಕೊಂಬೆಯೊಂದರ ಕೆಳಗೆ ಗೊರಸಿನಿಂದ ತರಗೆಲೆ ಕೆದರಿ ಮಣ್ಣು ಕಾಣುವ ಹಾಗೆ ಮಾಡುತ್ತದೆ. ಹಿಂಗಾಲುಗಳನ್ನು ಜೋಡಿಸಿ, ಅಲ್ಲಿನ ವಾಸನೆಯ ಗ್ರಂಥಿಗಳ ಮೇಲೆ ಹರಿಯುವ ಹಾಗೆ ಉಚ್ಚೆ ಹೊಯ್ಯುತ್ತದೆ. ಕೊಂಬೆಯ ತುದಿ ನೆಕ್ಕಿ, ಹಣೆ, ಕಣ್ಣಂಚು ಉಜ್ಜುತ್ತದೆ. ಆಮೇಲೆ ಹೋಗಿಬರುವ ಜಿಂಕೆಗಳೆಲ್ಲ ಅಲ್ಲಿ ನಿಂತು ಮೂಸುತ್ತವೆ. ಅವುಗಳ ಅರಳಿಕಟ್ಟೆ ಅನ್ನಿ.

ಅಜ್ಜ ಮಾಡುವುದು ಇದರದೇ ನಕಲು. ವಾಸನೆ ಉಳಿಯಬಾರದು ಅಂತ ರಬ್ಬರ್ ಬೂಟು, ಗ್ಲೌಸು ಹಾಕುತ್ತಾರೆ. ಎದೆಮಟ್ಟದ ಕೊಂಬೆ ಹುಡುಕಿ ಕೆಳಗೆ ಎರಡು ಮೂರು ಅಡಿ ಅಗಲ ಕೆದರುತ್ತಾರೆ. ಕೊಂಬೆ ಇಲ್ಲದ ಕಡೆ ಸೆಣಬಿನ ಹಗ್ಗ ಇಳಿಬಿಡುತ್ತಾರೆ. ಆಮೇಲೆ ಬಿಲ್ಲು ಹಿಡಿದು ಮರ ಹತ್ತಿ ಕೂರುತ್ತಾರೆ. ನಮ್ಮ ಕಡೆ ಹಿಂದೆ ಮರಸು ಕೂರೋದು ಅಂತಿದ್ದರಲ್ವಾ, ಹಾಗೆ. ಜಿಂಕೆ ಅಲ್ಲಿಗೆ ಬರುವುದು ಹೆಚ್ಚಾಗಿ ರಾತ್ರಿ. ರಾತ್ರಿ ಹೊಡೆಯಲು ಕಾನೂನು ಬಿಡುವುದಿಲ್ಲ. ಹಾಗಾಗಿ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಸಿಕ್ಕಷ್ಟು ಜಿಂಕೆ ಅಜ್ಜನ ಬಾಣಕ್ಕೆ ಸಿಕ್ಕಿಲ್ಲ. ನನಗೇನೂ ಬೇಜಾರಿಲ್ಲ!

ಮೊದಲು ಅವರೂ ಹಾಗೆ ಕೆದರಿದ ಜಾಗಕ್ಕೆ ಬಾಟಲಿಯ ಮೂತ್ರ ಸುರಿಯುತ್ತಿದ್ದರಂತೆ. ಅದು ಕೊಟ್ಟಿಗೆಯಲ್ಲಿ ಸಾಕಿದ ಜಿಂಕೆಗಳದ್ದು, ಎಷ್ಟೋ ಪ್ರಾಣಿಗಳದ್ದು ಒಟ್ಟಿಗೆ ಸೇರಿರುತ್ತದೆ. ತೊಂದರೆ ಇರುವುದೇ ಅಲ್ಲಿ. ಜಿಂಕೆಯ ಮಿದುಳನ್ನು ತೂತು ತೂತು ಮಾಡಿ ಕೊಲ್ಲುವ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅಂತ ಒಂದು ರೋಗವಿದೆ. ವರ್ಜೀನಿಯಾದಲ್ಲಿ ಅದು ಮೊದಲು ಕಂಡದ್ದು 2009ರಲ್ಲಿ, ನಮ್ಮ ಫ್ರೆಡರಿಕ್ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುತ್ತದೆ. ಮೂತ್ರ, ಜೊಲ್ಲು, ಹಿಕ್ಕೆಯಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಲಸಿಕೆಯಿಲ್ಲ, ಮದ್ದಿಲ್ಲ. ಊರೆಲ್ಲ ಜಿಂಕೆ ಬಂದು ಮೂಸುವ ಕಡೆ ಎಲ್ಲಿಂದಲೋ ತಂದ ಮೂತ್ರ ಸುರಿದರೆ? 2015ರಲ್ಲಿ ವರ್ಜೀನಿಯಾ ಅದನ್ನು ನಿಷೇಧಿಸಿತು. ಬೇಟೆಗೆ ಹೋಗುವಾಗ ಮಾತ್ರವಲ್ಲ, ಜಿಂಕೆ ಓಡಾಡುವ ಜಾಗ ನೋಡಿಕೊಂಡು ಬರಲು ಹೋಗುವಾಗಲೂ ಅದು ಜೊತೆಯಲ್ಲಿ ಇರುವಂತಿಲ್ಲ.

ನಾನೇನು ಸಾಚಾ ಅಲ್ಲ. ಬಂದ ಹೊಸದರಲ್ಲಿ ಹುಳ ಬಿದ್ದ ಸೇಬನ್ನೆಲ್ಲ ಹಿತ್ತಲಿಗೆ ಸುರಿದು, ಜಿಂಕೆ ತಿನ್ನುವುದನ್ನು ವಿಡಿಯೋ ಮಾಡಿ ಅಮ್ಮನಿಗೆ ಕಳಿಸುತ್ತಿದ್ದೆ. ಒಂದೇ ಕಡೆ ಬಾಯಿ ಹಾಕಿದರೂ ರೋಗ ಹರಡುತ್ತದೆ, ನಮ್ಮ ಕೌಂಟಿಯಲ್ಲಿ ವರ್ಷಪೂರ್ತಿ ಜಿಂಕೆಗೆ ತಿನ್ನಲು ಹಾಕುವಂತಿಲ್ಲ ಅಂತ ಬೇಲಿ ಹತ್ತಿರ ನಿಂತು ಹೇಳಿದವರು ಇದೇ ಅಜ್ಜ.

ಈಗ ನಮ್ಮ ಕನ್ನಡದ ಹುಡುಗರೂ ಕೆಲವರು ಲೈಸೆನ್ಸ್ ಮಾಡಿಸಿ ಬೇಟೆ ಕಲಿಯುತ್ತಿದ್ದಾರೆ. ಬೇಟೆ ಸರಿಯೋ ತಪ್ಪೋ ಎಂಬ ಜಗಳ ಬೇರೆ. ಆನ್‌ಲೈನಿನಲ್ಲಿ ಬಾಟಲಿ ತರಿಸುವ ಮುಂಚೆ ತಮ್ಮ ರಾಜ್ಯದ ನಿಯಮ ಓದಲಿ ಅಂತಷ್ಟೇ ಈ ಪತ್ರ.

ಈಗ ಬಾಟಲಿ ಬದಲು ಏನು ಹಾಕ್ತೀರಿ ಅಂತ ಅಜ್ಜನನ್ನು ಕೇಳಿದೆ. "ಹೊರಡುವಾಗ ಎರಡು ಲೋಟ ಕಾಫಿ ಜಾಸ್ತಿ ಕುಡೀತೀನಿ" ಅಂದರು.

– ಒಬ್ಬ ಓದುಗಿ, ವಿಂಚೆಸ್ಟರ್, ವರ್ಜೀನಿಯಾ