ಸೈಡ್‌ಮೌಂಟ್ ವಿಂಗ್: ದೊಡ್ಡದಾದಷ್ಟೂ ಸೇಫ್ ಅನ್ನೋದು ಸುಳ್ಳು

ಮಾನ್ಯರೇ,

ಹೋದ ಭಾನುವಾರದ ಪುರವಣಿಲಿ ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದ ಸ್ಕೂಬಾ ಬಗ್ಗೆ ಬರೆದಿದ್ರಿ, ಚೆನ್ನಾಗಿತ್ತು. ಆದ್ರೆ ಕೊನೇಲಿ, ಸೈಡ್‌ಮೌಂಟ್ ಮಾಡೋರು ಜಾಸ್ತಿ ಕಿಲೋ ತೇಲಿಸೋ ವಿಂಗ್ (ನೀರಲ್ಲಿ ತೇಲೋಕೆ ಬೆನ್ನಿಗೆ ಹಾಕ್ಕೊಳ್ಳೋ ಗಾಳಿ ಚೀಲ) ತಗೊಂಡಷ್ಟೂ ಸೇಫ್ ಅಂತ ಒಂದು ಸಾಲು ಇತ್ತಲ್ಲ, ಅದೇ ಮಾತು ನಂಬಿ ದುಡ್ಡು ಕಳ್ಕೊಂಡವನು ನಾನು, ಅದಕ್ಕೇ ಈ ಪತ್ರ.

ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಸೈಡ್‌ಮೌಂಟಲ್ಲಿ ಸಿಲಿಂಡರ್ ಬೆನ್ನ ಮೇಲಿರಲ್ಲ, ಎರಡು ಕಂಕುಳಡಿ ಒಂದೊಂದು ಇರತ್ತೆ, ಇಕ್ಕಟ್ಟಾದ ಗುಹೆಗಳಲ್ಲಿ ನುಸುಳೋರು ಕಂಡುಕೊಂಡ ಉಪಾಯ. ಸಿಲಿಂಡರಿನ ಕುತ್ತಿಗೆ ಹಿಡ್ಕೊಳ್ಳೋಕೆ ಈಗ ಬಂಜಿ ಹಗ್ಗ, ಮೊದಲು ಸೈಕಲ್ ಟ್ಯೂಬನ್ನೇ ಬಳಸ್ತಿದ್ರಂತೆ.

ನನಗೆ ಅಂಗಡಿಯವರು 23 ಕಿಲೋ ಎತ್ತೋ ವಿಂಗ್ ಕೊಟ್ರು. ಅದನ್ನೇ ಹೊತ್ಕೊಂಡು ಮೆಕ್ಸಿಕೋದ ತುಲುಮ್‌ಗೆ ಕೋರ್ಸಿಗೆ ಹೋದೆ, ಅಲ್ಲಿ ಸೆನೋಟೆ ಅಂತ ಸುಣ್ಣಕಲ್ಲು ಕುಸಿದು ಆದ ಗುಂಡಿಗಳಿವೆ, ಒಳಗೆ ಕಿಲೋಮೀಟರ್‌ಗಟ್ಟಲೆ ನೀರು ತುಂಬಿದ ಗುಹೆ. ನೀರಿಗಿಳಿದು ಸ್ವಲ್ಪ ಗಾಳಿ ತುಂಬಿದ್ದೇ ತಡ, ಅಷ್ಟು ದೊಡ್ಡ ಚೀಲದಲ್ಲಿ ಆ ಗಾಳಿ ಒಂದು ಮೂಲೆಗೆ ಓಡಿ ನಾನು ಮಗ್ಗುಲಾದೆ, ಸರಿ ಮಾಡ್ಕೊಳೋಣ ಅಂದ್ರೆ ಇನ್ನೊಂದು ಕಡೆ, ಖಾಲಿ ಬಟ್ಟೆ ಬೇರೆ ಪಟಪಟ ಅಂತ ಬಡ್ಕೊಳ್ತಿತ್ತು. ಇನ್‌ಸ್ಟ್ರಕ್ಟರ್ ನೋಡಿ ನಕ್ಕು, ಅವರದೇ ಒಂದು ಚಿಕ್ಕದು ಕೊಟ್ರು.

ಲೆಕ್ಕ ಸುಲಭ. ನೇತ್ರಾಣಿಲಿರಲಿ ತುಲುಮಲ್ಲಿರಲಿ ಸಾಮಾನ್ಯವಾಗಿ ಸಿಗೋ ಅಲ್ಯುಮಿನಿಯಂ ಸಿಲಿಂಡರ್ 11 ಲೀಟರಿಂದು, 200 ಬಾರ್ ಒತ್ತಡಕ್ಕೆ ತುಂಬಿದ್ರೆ ಒಳಗಿನ ಗಾಳಿ ತೂಕವೇ ಸುಮಾರು ಎರಡೂವರೆ ಕಿಲೋ ಮೇಲೆ, ಎರಡಕ್ಕೆ ಐದು ಚಿಲ್ಲರೆ. ಆಳದಲ್ಲಿ ತೆಳು ವೆಟ್‌ಸೂಟ್ (ಮೈಗಂಟೋ ರಬ್ಬರ್ ಉಡುಪು) ಅಮುಕಿ ತೇಲೋ ಶಕ್ತಿ ಕಳ್ಕೊಳ್ಳೋದು ಇನ್ನೊಂದೆರಡು ಕಿಲೋ. ವಿಂಗ್ ಎತ್ತಬೇಕಾಗಿರೋದು ಇಷ್ಟೇ, 12-15 ಕಿಲೋದು ಧಾರಾಳ ಆಯ್ತು. ಅಮೆರಿಕದ ಫ್ಲೋರಿಡಾದಲ್ಲಿ ಗುಹೆಗಿಳಿಯೋರು ದೊಡ್ಡದು ಹಾಕ್ತಾರೆ ನಿಜ, ಅವರದು ಖಾಲಿಯಾದ್ರೂ ಮುಳುಗೋ ಸ್ಟೀಲ್ ಸಿಲಿಂಡರ್, ಮೇಲೆ ನೀರು ಒಳಗೆ ಬಿಡದ ಡ್ರೈಸೂಟ್. ಅವರ ಸಾಮಾನು ನೋಡಿ ನಾವ್ಯಾಕೆ ಕೊಳ್ಬೇಕು ಹೇಳಿ.

ನನ್ನ ಕೇಳಿದ್ರೆ ವಿಂಗಿಗಿಂತ ಹಾರ್ನೆಸ್ಸಿಗೇ (ಅದನ್ನ ಮೈಗೆ ಕಟ್ಟೋ ಪಟ್ಟಿಗಳಿಗೆ) ಜಾಸ್ತಿ ಟೈಮ್ ಕೊಡಿ. ನಾನು ಟೀ ಶರ್ಟ್ ಮೇಲೆ ಪಟ್ಟಿ ಅಳತೆ ಮಾಡಿ ಕಟ್ ಮಾಡ್ಬಿಟ್ಟಿದ್ದೆ, ವೆಟ್‌ಸೂಟ್ ಹಾಕಿದ್ಮೇಲೆ ಭುಜ ಎತ್ತೋಕೇ ಆಗ್ಲಿಲ್ಲ. ಅಲ್ಯುಮಿನಿಯಂದು ಇನ್ನೊಂದು ಆಟ, ಗಾಳಿ ಖಾಲಿ ಆಗ್ತಾ ಆಗ್ತಾ ಸಿಲಿಂಡರಿನ ಬಾಲ ಮೇಲೇಳತ್ತೆ. ನನ್ನದು 80 ಬಾರ್ ಹತ್ರ ಬಂದಾಗ ಬುಡ ಗುಹೆ ಮಾಳಿಗೆಗೆ ಟಣ್ ಅಂತು! ಆಗ ಸಿಲಿಂಡರಿನ ಕೆಳಗಿನ ಕ್ಲಿಪ್ಪನ್ನ ಸೊಂಟದ ಹಿಂದಿನ ರಿಂಗಿಂದ ತೆಗೆದು ಮುಂದಿನ ರಿಂಗಿಗೆ ಹಾಕ್ಬೇಕು, ಹಾಗಾಗಿ ಸೊಂಟದ ಪಟ್ಟಿಲಿ ಜರುಗಿಸೋಕೆ ಬರೋ ರಿಂಗ್ ಇದ್ಯಾ ನೋಡಿ ತಗೊಳ್ಳಿ. ಬ್ರ್ಯಾಂಡ್ ಯಾವುದಾದ್ರೂ ಪರವಾಗಿಲ್ಲ.

ಮುರುಡೇಶ್ವರದಿಂದ ಹೋಗೋರು ಬೋಟಿನವರನ್ನ ಮುಂಚೆನೇ ಕೇಳಿ, ಎರಡು ಸಿಲಿಂಡರ್ ಒಂದೊಂದಾಗಿ ನೀರಿಗೆ ಇಳಿಸಿ ಕೊಡ್ತೀರಾ ಅಂತ, ಅಲೆಗೆ ತೂಗಾಡೋ ಬೋಟಲ್ಲಿ ಎರಡನ್ನೂ ಸಿಗಿಸ್ಕೊಂಡು ಹಾರೋದು ಹೊಸಬರ ಕೈಲಾಗೋ ಕೆಲಸ ಅಲ್ಲ. ಕೋರ್ಸ್ ಮಾಡ್ದೆ ಗುಹೆ ಕಡೆ ತಲೆ ಹಾಕ್ಬೇಡಿ, ಅದು ಬೇರೆನೇ ಕಥೆ.

ಆ ಸಾಲಿಗೊಂದು ತಿದ್ದುಪಡಿ ಹಾಕಿ ದಯವಿಟ್ಟು. ನನ್ನ 23 ಕಿಲೋದ್ದು ಅಟ್ಟದ ಮೇಲಿದೆ, ದಪ್ಪ ಸ್ಟೀಲ್ ಸಿಲಿಂಡರ್ ಇರೋರು ಯಾರಾದ್ರೂ ಇದ್ರೆ ಅರ್ಧ ರೇಟಿಗೆ ಕೊಡ್ತೀನಿ.

ಇಂತಿ,
ಒಬ್ಬ ಓದುಗ, ಬೆಂಗಳೂರು