‘ಓಲಾಮ್’ ಅಂದರೆ ಎಷ್ಟು ಕಾಲ?

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೈಬಲ್ಲಿನ ‘ಓಲಾಮ್’ ಎಂಬ ಹೀಬ್ರೂ ಮಾತಿಗೆ ‘ಕೊನೆಯೇ ಇಲ್ಲದ ಕಾಲ’ ಅಂತ ಒಂದೇ ಅರ್ಥ ಕೊಟ್ಟು ಮುಗಿಸಿದ್ದೀರಿ. ಅಷ್ಟು ಸಲೀಸಾಗಿ ಮುಗಿಯುವ ಮಾತಲ್ಲ ಅದು.

ಬೈಬಲ್ಲಿನ ವಿಮೋಚನಕಾಂಡದ 21ನೇ ಅಧ್ಯಾಯ ನೋಡಿ. ಇಬ್ರಿಯ, ಅಂದರೆ ಹೀಬ್ರೂ ಜನಾಂಗದ, ಆಳು ಆರು ವರ್ಷ ದುಡಿದರೆ ಏಳನೇ ವರ್ಷ ಬಿಡುಗಡೆ. ಅವನೇ ‘ಒಡೆಯನನ್ನೂ ಹೆಂಡತಿ ಮಕ್ಕಳನ್ನೂ ಬಿಟ್ಟು ಹೋಗಲ್ಲ’ ಅಂದರೆ, ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚಬೇಕು, ಅಲ್ಲಿಂದ ಅವನು ‘ಲೆಓಲಾಮ್’, ಅಂದರೆ ಓಲಾಮ್ ಕಾಲಕ್ಕೆ, ಆ ಮನೆಯ ಆಳು. ಒಡೆಯನೇ ಕೊಟ್ಟ ಹೆಂಡತಿಯಾದರೆ ಅವಳೂ ಮಕ್ಕಳೂ ಅವನ ಜೊತೆ ಹೊರಡುವಂತಿಲ್ಲ ಅನ್ನುವ ಕಟ್ಟಳೆ ಬೇರೆ ಇದೆ, ಹಾಗಾಗಿ ಅವನು ಉಳಿದದ್ದು ಪ್ರೀತಿಯಿಂದಲೋ ಬೇರೆ ದಾರಿ ಇಲ್ಲದೆಯೋ, ನನಗಂತೂ ಅನುಮಾನ. ಅದಿರಲಿ, ಸತ್ತ ಮೇಲೂ ಜೀತ ಮಾಡೋಕಾಗುತ್ತಾ? ಯೆಹೂದಿ ಪಂಡಿತರಂತೂ ಇದನ್ನು ಇನ್ನೂ ಮೊಟಕು ಮಾಡಿ, 50ನೇ ವರ್ಷಕ್ಕೊಮ್ಮೆ ಬರುವ ಬಿಡುಗಡೆಯ ವರ್ಷವಾದ ಜೂಬಿಲಿ ಬಂದರೆ ಅವನಿಗೂ ಬಿಡುಗಡೆ ಅಂದರು.

1 ಸಮುವೇಲ ಪುಸ್ತಕದ ಮೊದಲ ಅಧ್ಯಾಯದಲ್ಲಿ ಹನ್ನ ಎಂಬ ತಾಯಿಯ ಮಾತೂ ಹಾಗೇ. ಮಗ ಸಮುವೇಲ ಹಾಲು ಬಿಟ್ಟ ಮೇಲೆ ಗುಡಿಯಲ್ಲೇ ‘ಅದ್ ಓಲಾಮ್’ (ಓಲಾಮ್‌ವರೆಗೆ) ಇರಲಿ ಅನ್ನುತ್ತಾಳೆ, ಅದೇ ಅಧ್ಯಾಯದ ಕೊನೆಗೆ ‘ಅವನು ಬದುಕಿರುವವರೆಗೆ’ ಅಂತ ತಾನೇ ಬಿಡಿಸಿ ಹೇಳುತ್ತಾಳೆ. ಮೀನಿನ ಹೊಟ್ಟೆಯಲ್ಲಿದ್ದ ಯೋನನ ಪ್ರಾರ್ಥನೆಯಲ್ಲಿ ಭೂಮಿಯ ಅಗುಳಿಗಳು ಅವನ ಮೇಲೆ ‘ಲೆಓಲಾಮ್’ ಬಿದ್ದಿವೆ. ಆದರೆ ಅವನು ಒಳಗಿದ್ದದ್ದು ಮೂರು ಹಗಲು, ಮೂರು ರಾತ್ರಿ! ಮುದುಕನಾಗಿ ಹಾಸಿಗೆ ಹಿಡಿದ ಅರಸ ದಾವೀದನಿಗೆ ಹೆಂಡತಿ ಬತ್ಷೆಬೆ ‘ಅರಸನು ಲೆಓಲಾಮ್ ಬಾಳಲಿ’ ಅನ್ನುವುದು ನಮ್ಮವರು ನೂರ್ಕಾಲ ಬಾಳು ಅಂದ ಹಾಗೆ, ಅಲ್ವಾ?

ಅಂದರೆ ಯಾರ ಬಗ್ಗೆ ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಆ ಕಾಲದ ಉದ್ದ ನಿಂತಿದೆ. ಆಳಿಗೆ ಅವನ ಆಯಸ್ಸು. ದೇವರ ವಿಷಯ ಬಂದಾಗ ಮಾತ್ರ ಆ ಕಡೆಯೂ ಈ ಕಡೆಯೂ ದಡ ಕಾಣುವುದಿಲ್ಲ. 90ನೇ ಕೀರ್ತನೆ ‘ಓಲಾಮ್‌ನಿಂದ ಓಲಾಮ್‌ವರೆಗೆ ನೀನೇ ದೇವರು’ ಅನ್ನುತ್ತದೆ, ಅದೇ ಕೀರ್ತನೆ ಮನುಷ್ಯನಿಗೆ ಲೆಕ್ಕ ಹಾಕಿ ಕೊಡುವುದು 70 ವರ್ಷ, ಗಟ್ಟಿಯಿದ್ದರೆ 80.

ಇದನ್ನೇ ಹಿಡಿದು ಕೆಲವರು ‘ನೋಡಿ, ಹಾಗಾದರೆ ನರಕವೂ ಸ್ವಲ್ಪ ಕಾಲ ಅಷ್ಟೇ’ ಅಂತ ಸುಮ್ನೆ ಕೈ ತೊಳೆದುಕೊಳ್ಳುತ್ತಾರೆ. ಅವರು ದಾನಿಯೇಲನ 12ನೇ ಅಧ್ಯಾಯದ ಎರಡನೇ ವಚನ ಓದಬೇಕು. ಮಣ್ಣಲ್ಲಿ ಮಲಗಿದವರು ಎದ್ದಾಗ ಕೆಲವರಿಗೆ ಓಲಾಮ್‌ನ ಜೀವ, ಕೆಲವರಿಗೆ ಓಲಾಮ್‌ನ ಹೇಸಿಗೆ. ಒಂದೇ ವಾಕ್ಯ, ಒಂದೇ ಮಾತು ಎರಡು ಸಲ. ಶಿಕ್ಷೆಯ ಓಲಾಮನ್ನು ಕತ್ತರಿಸುವವರು ಪಕ್ಕದ ಜೀವದ ಓಲಾಮನ್ನು ಏನು ಮಾಡುತ್ತಾರೆ?

— ನಿಮ್ಮ ಓದುಗ