ಆರ್ಕೆಸ್ಟ್ರಾ ಮಂಡಳಿಗೆ ಹೊಸಬರು ಬೇಕು
ಎಲ್ಲರಿಗೂ ನಮಸ್ಕಾರ. ನಮ್ಮ ಆರ್ಕೆಸ್ಟ್ರಾದ ಆಡಳಿತ ಮಂಡಳಿಯಲ್ಲಿ ಜಾಗ ಖಾಲಿ ಇದೆ. ಸಂಬಳ ಇಲ್ಲ, ಕೆಲಸ ಮಾತ್ರ ಜಾಸ್ತಿ! ವಾದ್ಯ ನುಡಿಸಲು ಬರಲೇಬೇಕು ಅಂತೇನಿಲ್ಲ. ನಿಜ ಹೇಳಬೇಕೆಂದರೆ, ಪಿಟೀಲು ನುಡಿಸುವವರಿಗಿಂತ ಲೆಕ್ಕಪತ್ರ ಓದಬಲ್ಲವರು ಈಗ ಹೆಚ್ಚು ಬೇಕು.

ಸಭಾಂಗಣದ ಬಾಡಿಗೆ, ಕಂಡಕ್ಟರ್ (ಎದುರು ನಿಂತು ವಾದ್ಯವೃಂದವನ್ನು ನಡೆಸುವವರು) ಸಂಭಾವನೆ, ವಿಮೆ ಇವೆಲ್ಲ ಬರೀ ಟಿಕೆಟ್ ಹಣದಲ್ಲಿ ನೀಗುವುದಿಲ್ಲ. ದೇಣಿಗೆ ಕೇಳಲು ಸಂಕೋಚ ಬೇಡ. ಹಕ್ಕುಸ್ವಾಮ್ಯ ಇರುವ ಕೃತಿಗಳ ಸ್ವರಲಿಪಿಯನ್ನು ಎಷ್ಟೋ ಸಲ ಪ್ರಕಾಶಕರಿಂದ ಬಾಡಿಗೆಗೆ ತರಬೇಕಾಗುತ್ತದೆ, ಸಮಯಕ್ಕೆ ಸರಿಯಾಗಿ ವಾಪಸ್ ಕೊಡಬೇಕು. (ಪೆನ್ಸಿಲ್ ಗುರುತು ಅಳಿಸಿ ಕೊಡಿ, ದಯವಿಟ್ಟು!)

ಯಾವ ಕೃತಿ ಅನ್ನುವುದು ಕಂಡಕ್ಟರ್‌ಗೆ ಬಿಟ್ಟದ್ದು. ಅದರ ಖರ್ಚು ನಮ್ಮ ಕೈಗೆಟುಕುತ್ತದಾ ಎಂದು ನೋಡುವುದು ಮಂಡಳಿ. ನಿಮ್ಮ ಸಂಬಂಧಿಕರಿಂದ ಏನಾದರೂ ಕೊಳ್ಳುವ ಮಾತು ಬಂದರೆ ಮೊದಲೇ ತಿಳಿಸಿ, ಮತ ಹಾಕಬೇಡಿ.

ಆಸಕ್ತಿ ಇರುವವರು ಭಾನುವಾರದೊಳಗೆ ಕಾರ್ಯದರ್ಶಿಗೆ ಮೆಸೇಜ್ ಮಾಡಿ.